ದಾರವಿಲ್ಲದ ಬೂಟು

ಫ್ಯಾನಿನ ನೆರಳು ನೆಲದ ಮೇಲೆ ಸುತ್ತುತ್ತಿದೆ, ಕಪ್ಪು ಕಲ್ಲು, ಬಿಳಿ ಕಲ್ಲು, ಕಪ್ಪು, ಬಿಳಿ, ನಾನು ನಿಂತಿರುವುದು ಕಪ್ಪಿನ ಮೇಲೆ, ಯಜಮಾನರ ಬಾಗಿಲಿಗೆ ಸರಿಯಾಗಿ ಎರಡು ಹೆಜ್ಜೆ, ಹನ್ನೊಂದು ವರ್ಷದಿಂದ ಅವರ ಕಾವಲಿಗೆ ಇದೇ ಜಾಗ, ಕಾಲು ತಾನಾಗಿಯೇ ಬಂದು ನಿಲ್ಲುತ್ತದೆ — ಕಾಲಿನ ಮಾತು ಬೇಡ, ಬೂಟು ನೋಡಿಕೊಳ್ಳಬೇಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಗುತ್ತದೆ. ಒಳಗೆ ಡ್ರೈವರಣ್ಣನನ್ನು ಕರೆಸಿದ್ದಾರೆ. ಅವನೊಬ್ಬನನ್ನೇ. ಗುಸುಗುಸು ಮಾತ್ರ ಕೇಳುತ್ತದೆ, ಬೆಳಿಗ್ಗೆ ಮೆಟ್ಟಿಲ ಹತ್ತಿರ ಏನಾಯಿತು ಎಂದೇ ವಿಚಾರಿಸುತ್ತಿರಬೇಕು, ಆದದ್ದಾದರೂ ಏನು, ರಸ್ತೆಯಲ್ಲಿ ಲಾರಿಯ ಟೈರು ಒಡೆಯಿತು, ಢಮ್, ಅಷ್ಟೇ, ಯಜಮಾನರಿಗೆ ಅಡ್ಡ ನಿಲ್ಲಬೇಕಾದ ನಾನು, ಊರೆಲ್ಲ ಬಂಡೆ ಎಂದು ಕರೆಯುವ ಆರಡಿಯ ನಾನು, ಕುಕ್ಕರುಗಾಲಲ್ಲಿ ಕೂತಿದ್ದೆ, ಎರಡೂ ಕೈ ತಲೆಯ ಮೇಲೆ. ಅಡ್ಡ ನಿಂತವನು ಡ್ರೈವರಣ್ಣ, ಮಂಡಿನೋವಿನ ಮುದುಕ, ಕಾಲಲ್ಲಿ ಹರಿದ ಚಪ್ಪಲಿ. ಆಮೇಲೆ ಅವನೇ ನಗುತ್ತಾ, ಬೂಟಿನ ದಾರ ಕಟ್ಕೊಳ್ತಿದ್ದ ಬಿಡಿ ಸಾರ್, ಒಳ್ಳೇ ಹೊತ್ತು ನೋಡ್ಕೊಂಡ ನಮ್ಮ ಬಂಡೆ. ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ, ನನ್ನ ಬೂಟು ನೋಡಿದರು. ನನ್ನ ಬೂಟಿಗೆ ದಾರವೇ ಇಲ್ಲ, ಪಕ್ಕದಲ್ಲಿ ಜಿಪ್ಪು.

ಭಯವಾಗುತ್ತಿದೆ. ಕೆಲಸ ಹೋದರೆ ಹೋಗಲಿ, ಮೂಟೆ ಹೊತ್ತ ಬೆನ್ನು ಇನ್ನೂ ಇದೆ, ಭಯ ಅದಕ್ಕಲ್ಲ, ಇನ್ನು ಹತ್ತು ನಿಮಿಷಕ್ಕೆ ಅವರು ಹೊರಗೆ ಬರುತ್ತಾರೆ, ಜನರ ನಡುವೆ ನಡೆಯುತ್ತಾರೆ, ಇನ್ನೊಂದು ಸದ್ದಾದರೆ, ಈ ಸಲ ಅದು ಟೈರಲ್ಲದಿದ್ದರೆ, ಈ ಮಂಡಿ ಯಾರ ಮಾತು ಕೇಳುತ್ತದೆ? ಇದು ಮಡಿಯಲು ಕಲಿತದ್ದು ಮಂಚದ ಕೆಳಗೆ. ಒಂದೇ ಕೋಣೆ, ತಗಡಿನ ಬಾಗಿಲು, ಅಪ್ಪ ಕುಡಿದು ಬಂದು ಒದ್ದರೆ ಢಮ್ — ಬಚ್ಚಿಟ್ಕೊ ಮಗಾ, ಅಮ್ಮ ಹೇಳುತ್ತಾಳೆ, ನಾನು ತೂರಿಕೊಳ್ಳುತ್ತೇನೆ, ಎರಡೂ ಕೈ ತಲೆಯ ಮೇಲೆ, ಅಲ್ಲಿಂದ ಕಾಣುವುದು ಅಮ್ಮನ ಹಿಮ್ಮಡಿ ಎರಡೇ, ಮನೆಮನೆಯ ಬಟ್ಟೆ ಒಗೆದು ಒಡೆದ ಹಿಮ್ಮಡಿ, ಬಿರುಕಿನಲ್ಲಿ ಸೋಪಿನ ಬಿಳಿ. ಎಲ್ಲೇ ಅವನು, ಎಳಿ ಆಚೆ! ಏಟು ಬೀಳುತ್ತದೆ, ಹಿಮ್ಮಡಿ ನಡುಗುತ್ತದೆ, ಹಿಂದೆ ಸರಿಯುವುದಿಲ್ಲ.

ಆಮೇಲೆ ಅಕ್ಕಿ ಮಂಡಿಯ ಮೂಟೆ, ಟಾಕೀಸಿನ ಗೇಟು, ದೊಡ್ಡ ಹೋಟೆಲ್ಲಿನ ಬಾಗಿಲು, ಅಲ್ಲೇ ಒಂದು ಸಂಜೆ ಯಾರೋ ಯಜಮಾನರತ್ತ ಬಾಟಲಿ ಬೀಸಿದ, ನಾನು ಮುಖ ಒಡ್ಡಿದೆ, ಹುಬ್ಬಿನ ಮೇಲೆ ಏಳು ಹೊಲಿಗೆ. ಭಯ ಇಲ್ವೇನೋ ನಿಂಗೆ, ಅಂದರು ಯಜಮಾನರು. ಇಲ್ಲ ಸಾರ್. ಬಾಟಲಿ ಸದ್ದಿಲ್ಲದೆ ಬಂದಿತ್ತು, ಅದನ್ನು ನಾನು ಹೇಳಲಿಲ್ಲ. ಪೇಪರಿನಲ್ಲಿ ಯಜಮಾನರ ಪಕ್ಕ ನನ್ನ ಫೋಟೋ ನೋಡಿ ಅಮ್ಮ, ಸದ್ಯ, ಇನ್ನು ನೀನು ಬಚ್ಚಿಟ್ಕೋಬೇಕಾಗಿಲ್ಲ ಅಂದಳು, ಅದೇ ವರ್ಷ ಹೋದಳು. ಹೇಳಿಬಿಡಲೇ, ಸಾರ್, ಇವತ್ತು ನನ್ನ ನಂಬ್ಕೋಬೇಡಿ, ಬೇರೆಯವರನ್ನ ಕರೀರಿ — ಒಳಗೆ ಕುರ್ಚಿ ಸರಿಯಿತು, ಚಿಲಕ, ಬಂದರು, ಹಿಂದೆ ಡ್ರೈವರಣ್ಣ, ಅವನು ನನ್ನ ಮುಖ ನೋಡುತ್ತಿಲ್ಲ. ನಡಿಯೋ ಬಂಡೆ, ಯಜಮಾನರೆಂದರು, ಹೊತ್ತಾಯ್ತು, ಮುಂದೆ ನಡಿ. ಅಷ್ಟೇ? ಅಷ್ಟೇನಾ? ಸಾರ್, ಒಂದು ಮಾತು — ಗಾಳಿಗೆ ಅವರ ಹಿಂದೆ ಬಾಗಿಲು ಬಡಿದುಕೊಂಡಿತು, ಢಮ್.

ಕೂರಲಿಲ್ಲ. ನಿಂತಿದ್ದೇನೆ, ಕೈ ಪಕ್ಕದಲ್ಲೇ ಇದೆ, ಮಂಡಿ ಮಡಿಯಲಿಲ್ಲ, ಅಮ್ಮಾ, ಮಡಿಯಲಿಲ್ಲ — ಯಜಮಾನರು ಯಾಕೆ ಕೆಳಗೆ ನೋಡುತ್ತಿದ್ದಾರೆ, ನನ್ನ ಬೂಟು, ಬಿಳಿ ಕಲ್ಲಿನ ಮೇಲೆ ನನ್ನ ಬೂಟು, ಒಂದು ಹೆಜ್ಜೆ ಹಿಂದೆ, ಮುಂದೆ ಕಪ್ಪು ಕಲ್ಲು ಖಾಲಿ, ಅಲ್ಲಿ ಎರಡು ಹಿಮ್ಮಡಿ, ಒಡೆದ ಹಿಮ್ಮಡಿ, ಬಿರುಕಿನಲ್ಲಿ ಸೋಪಿನ ಬಿಳಿ, ನಡುಗುತ್ತವೆ, ಸರಿಯುವುದಿಲ್ಲ, ಅಮ್ಮನ ಹಿಮ್ಮಡಿ.