ಹಾಜರಿ ಮುಖ

"ಇದು ನೀನಲ್ಲ ಕಣಮ್ಮಿ," ಎಂದ ಮೇಸ್ತ್ರಿ ಶೀನಣ್ಣ, ಮೊಬೈಲನ್ನು ಅಂಕಮ್ಮನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. "ಫೋನೇ ಹೇಳ್ತಾ ಐತೆ ನೋಡು, ಬೇರೆ ವ್ಯಕ್ತಿ ಅಂತ. ನಿನ್ ಮುಖ ಎಲ್ಲಿ ಬಿಟ್ಬಂದೆ?"

ಅಂಕಮ್ಮ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಕೆನ್ನೆಗಳನ್ನು ಒಳಕ್ಕೆ ಒತ್ತಿ ಹಿಡಿದಳು. ಎಡಗಣ್ಣು ಮುಚ್ಚಿಹೋಗಿತ್ತು, ಕೆನ್ನೆ ಊದಿಕೊಂಡಿತ್ತು, ತುಟಿ ಒಂದು ಪಕ್ಕಕ್ಕೆ ಸರಿದು ಕೂತಿತ್ತು. ಒತ್ತಿದರೆ ನೋವು ನೆತ್ತಿಗೇರುತ್ತಿತ್ತು. ಆದರೂ ಒತ್ತಿದಳು, ಫೋನಿಗೆ ಗುರುತು ಹತ್ತಲಿ ಅಂತ. ಫೋನು ಜಗ್ಗಬೇಕಲ್ಲ! ಅದರೊಳಗಿನ ಹೆಂಗಸು ತುಂಬ ಮರ್ಯಾದಸ್ತೆ; ಮುಖ ಹೊಂದಿಕೆಯಾಗುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದು ಬಹುವಚನದಲ್ಲೇ ಹೇಳಿದಳು. ಅಂಕಮ್ಮನನ್ನು ಇಡೀ ಚಾಮರಾಜಪೇಟೆಯಲ್ಲಿ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅವಳೊಬ್ಬಳೇ.

ಮೊದಲು ಹೆಬ್ಬೆಟ್ಟಿನ ಹಾಜರಿ ಇತ್ತು. ಪೊರಕೆ ಹಿಡಿದೂ ಹಿಡಿದೂ ಬೀದಿ ಗುಡಿಸುವ ಹೆಂಗಸರ ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದು, ಮಿಷನ್ನು ಯಾರನ್ನೂ ಒಪ್ಪದೆ ಹೋಯಿತು. ಆಮೇಲೆ ಬಂತು ಈ ಮುಖದ ಹಾಜರಿ. ಫೋಟೊ ಹಿಡಿಯಲು ಬಂದವನು, ನಗಬಾರದು, ಹಲ್ಲು ಕಾಣಬಾರದು, ಗೋಡೆ ನೋಡೋ ಥರ ನೋಡಿ ಎಂದಿದ್ದ. ಅಂಕಮ್ಮನಿಗೆ ಅದೇನೂ ಕಷ್ಟವಾಗಿರಲಿಲ್ಲ. ಮನೆಯಲ್ಲಿ ಮುರುಗೇಶನಂಥ ಗಂಡನನ್ನು ಇಟ್ಟುಕೊಂಡವಳಿಗೆ ನಗಬೇಡ ಎಂದು ಬೇರೆ ಹೇಳಬೇಕೇ?

"ಗಂಡ ಹೊಡ್ದವ್ನೆ ಅಣ್ಣ. ಊತ ಇಳಿದ್ರೆ ಸರಿಹೋಯ್ತದೆ."

"ಸಿಸ್ಟಮ್‌ಗೆ ನಿನ್ ಗಂಡ ಗೊತ್ತಿಲ್ಲ. ಊತ ಇಳಿಯೋವರ್ಗೂ ಆಬ್ಸೆಂಟು. ಇನ್ನೊಂದ್ಸಲ ಹಿಂಗಾದ್ರೆ ಕಾಯಂ ಲಿಸ್ಟಿಂದ ಹೆಸರು ಕಿತ್ತಾಕ್ತಾರೆ, ನನ್ನ ಕೇಳ್ಬೇಡ." ಇಷ್ಟು ಹೇಳಿ ಶೀನಣ್ಣ, ಹೆಂಗೂ ಬಂದಿದ್ದೀಯಲ್ಲ, ಐದನೇ ಮೇನ್ ಗುಡಿಸಿಬಿಡು ಎಂದ. ಅಂಕಮ್ಮನಲ್ಲದ ಆ ಬೇರೆ ವ್ಯಕ್ತಿ ಐದನೇ ಮೇನನ್ನು ತುದಿಯವರೆಗೂ ಗುಡಿಸಿದಳು.

ಕಾಯಂ ಆಗುವುದಕ್ಕೆಂದೇ ಅಂಕಮ್ಮ ಯೌವನವೆಲ್ಲ ಕಸ ಎತ್ತಿದ್ದಳು. ಹೆಸರು ಉಳಿಯಬೇಕಾದರೆ ಮುಖ ಉಳಿಯಬೇಕಿತ್ತು, ಮುಖ ಉಳಿಯಬೇಕಾದರೆ ಮುರುಗೇಶ ಮನೆಯಲ್ಲಿರಬಾರದಿತ್ತು. ಲೆಕ್ಕ ಅಷ್ಟೇ. ಅವಳು ಅವನನ್ನು ಹೊರಗೆ ಹಾಕದೆ ಏನೂ ಇರಲಿಲ್ಲ. ಓಕಳಿಪುರದ ರೈಲು ಹಳಿ ಪಕ್ಕದ ಆ ಒಂಟಿ ಕೋಣೆಗೆ ಒಳಗಿಂದ ಚಿಲಕ ಜಡಿದು ಕೂತಾಗಲೆಲ್ಲ ಅವನು ಸೀದಾ ವೀರಭದ್ರಯ್ಯನವರ ಜಗಲಿಗೆ ಹೋಗಿ ಅಳುತ್ತಿದ್ದ. ವೀರಭದ್ರಯ್ಯನವರದು ಪೇಟೆಯಲ್ಲಿ ತಲೆಮಾರುಗಳ ಊದುಬತ್ತಿ ವ್ಯಾಪಾರ, ಮನೆ ಚಾಮರಾಜಪೇಟೆಯಲ್ಲಿ. ಅವರ ಗೋಡೌನಿನಲ್ಲಿ ಮೂಟೆ ಹೊರುವವನು ಮುರುಗೇಶ. ಅವನು ಅಳುತ್ತಾ ಕೂತರೆ ಮೂಟೆ ಹೊರುವವರಾರು? ಹಾಗಾಗಿ ಯಜಮಾನರು ಅಂಕಮ್ಮನನ್ನು ಕರೆಸಿ, ಸಂಸಾರ ಎಂದರೇನು ಎಂದು ವಿವರಿಸಿ, ಅವನನ್ನು ಅವಳ ಜೊತೆ ವಾಪಸು ಕಳಿಸಿಬಿಡುತ್ತಿದ್ದರು.

ಆ ದಿನವೂ ಕರೆ ಬಂತು. ಯಜಮಾನರು ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ, ಮುರುಗೇಶ ಅವರ ಕಾಲ ಬಳಿ, ಅಂಕಮ್ಮ ಕೆಳಗೆ ಮೋರಿಯ ಕಲ್ಲಿನ ಮೇಲೆ. ಗೋಡೆಗೆ ಒರಗಬೇಡ, ಸುಣ್ಣ ಹೊಸದು ಎಂದು ಮೊದಲೇ ಎಚ್ಚರಿಸಿದರು. ಕಾಫಿ ಪೇಪರ್ ಲೋಟದಲ್ಲಿ ಬಂತು. ಕೊಟ್ಟವರು ಯಜಮಾನರ ಹೆಂಡತಿ ಗುರುಬಸಮ್ಮ. ಕೊಡುವಾಗ ಅಂಕಮ್ಮನ ಕಣ್ಣನ್ನು ನೋಡಿ ಒಳಗೆ ಹೋದರು.

ನೀನೇನಾದರೂ ಎದುರುತ್ತರ ಕೊಟ್ಟೆಯಾ ಎಂದು ವಿಚಾರಣೆ ಶುರುವಾಯಿತು. ಸಾರಿಗೆ ಉಪ್ಪು ಹೆಚ್ಚಾಗಿತ್ತಾ? ಅವನು ಬಂದಾಗ ಫೋನಲ್ಲಿ ಮಾತಾಡುತ್ತಿದ್ದೆಯಾ? ಅಂಕಮ್ಮ ಬೇರೇನೂ ಹೇಳದೆ ಹಾಜರಿಯ ಕಥೆ ಹೇಳಿದಳು. ಯಜಮಾನರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಯೋಚಿಸುವಾಗ ಅವರ ಹೊಟ್ಟೆ ಸಣ್ಣಗೆ ಗುರುಗುಟ್ಟಿತು. ಆಮೇಲೆ ತೀರ್ಪು ಬಂತು.

"ನೋಡೋ ಮುರುಗ, ಗಂಡ ಅಂದ್ಮೇಲೆ ಒಂದೇಟು ಎರಡೇಟು ಬೀಳತ್ತೆ, ನಾನು ಬೇಡ ಅನ್ನಲ್ಲ. ಆದ್ರೆ ಮುಖಕ್ಕೆ ಹೊಡೀಬೇಡ. ಅವಳ ಉದ್ಯೋಗದ ಪ್ರಶ್ನೆ."

ಎಂಥ ನ್ಯಾಯ! ಎದುರು ಮನೆಯ ಕಾಂಪೌಂಡಿನ ಮೇಲೆ ಮೊಳಕೈ ಊರಿ ಕೇಳುತ್ತಿದ್ದ ರಿಟೈರ್ಡ್ ಹೆಡ್‌ಮಾಸ್ಟರು ಕೂಡ ತಲೆದೂಗಿದರು. ಮುರುಗೇಶ ವಿಭೂತಿ ಗಟ್ಟಿ ಮುಟ್ಟಿ, ಇನ್ನು ಜನ್ಮದಲ್ಲಿ ಮುಖದ ತಂಟೆಗೆ ಹೋಗುವುದಿಲ್ಲ ಎಂದು ಆಣೆ ಮಾಡಿದ. ಸಂತೋಷಕ್ಕೆ ಯಜಮಾನರು ತಮ್ಮದೊಂದು ಹಳೆಯ ರೇಷ್ಮೆ ಜುಬ್ಬ ತರಿಸಿ ಅವನಿಗೆ ತೊಡಿಸಿದರು. ಎದೆಯ ಮೇಲೆ ಯಾವುದೋ ಮದುವೆಯ ಹೋಳಿಗೆ ತುಪ್ಪ ಬಿದ್ದ ದೊಡ್ಡ ಕಲೆಯಿದ್ದ ಆ ಜುಬ್ಬವನ್ನು ಚಾಮರಾಜಪೇಟೆಯಲ್ಲಿ ನೋಡದವರಿಲ್ಲ.

"ಕರ್ಕೊಂಡ್ ಹೋಗಮ್ಮ. ಇವನು ನಮ್ಮನೆ ಹುಡುಗ. ಏನೇ ಆದ್ರೂ ಜವಾಬ್ದಾರಿ ನಂದು."

ಅಂಕಮ್ಮ ಕರೆದುಕೊಂಡು ಹೋದಳು. ಮುರುಗೇಶ ಮಾತಿಗೆ ತಪ್ಪಲಿಲ್ಲ. ಅವಳ ಬೆನ್ನು ಹಸಿರಾಯಿತು, ತೋಳು ನೀಲಿಯಾಯಿತು, ಮುಖದ ಊತ ಮಾತ್ರ ದಿನೇದಿನೇ ಇಳಿಯುತ್ತಾ ಬಂದು ಒಂದು ಬೆಳಿಗ್ಗೆ ಫೋನಿನ ಹೆಂಗಸು ಧನ್ಯವಾದಗಳು ಎಂದಳು. ಶೀನಣ್ಣ, ನೋಡಿದ್ಯಾ, ಮನಸ್ಸು ಮಾಡಿದ್ರೆ ಆಯ್ತದೆ ಎಂದ. ಬಗ್ಗಿ ಪೊರಕೆ ಎತ್ತಿಕೊಳ್ಳಲು ಅಂಕಮ್ಮನಿಗೆ ಆಗಲಿಲ್ಲ. ಜೊತೆಯ ಸಾಲಮ್ಮ ಎತ್ತಿಕೊಟ್ಟು, ಯಜಮಾನನಿಂದ ಮೇಸ್ತ್ರಿಯವರೆಗೆ ಒಬ್ಬರನ್ನೂ ಬಿಡದಂತೆ ಅವರ ಹುಟ್ಟಿನ ಮೂಲವನ್ನು ಗಟ್ಟಿಯಾಗಿ ವಿಚಾರಿಸಿದಳು.

ಆ ದಿನಗಳಲ್ಲೇ ಪಾಲಿಕೆ ಆಫೀಸಿನಿಂದ ಹೊಸ ಹುಕುಂ ಬಂದಿತ್ತು. ರಸ್ತೆ ಮೂಲೆಯಲ್ಲಿ ಕದ್ದು ಕಸ ಎಸೆದವರ ಕಸವನ್ನು ಅವರ ಬಾಗಿಲಿಗೇ ವಾಪಸು ಸುರಿಯಬೇಕು, ನಾಲ್ಕು ಜನಕ್ಕೆ ಕೇಳುವಂತೆ ಸದ್ದು ಮಾಡಿ ಸುರಿಯಬೇಕು. ಅಯ್ಯೋ, ಆ ಕೆಲಸದ ಸುಖವೇ! ಕವರು ಬಿಚ್ಚಿ, ಕೆದಕಿ, ಪಾರ್ಸೆಲ್ ಡಬ್ಬದ ಮೇಲಿನ ವಿಳಾಸ ಹುಡುಕಿ, ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗಿ ಗೇಟಿನ ಮುಂದೆ ದಬಾರನೆ ಕವುಚುವುದು. ತಮಟೆ ಇರಲಿಲ್ಲವೆಂದು ಸಾಲಮ್ಮ ಪ್ಲಾಸ್ಟಿಕ್ ಬಕೆಟ್ ಬಡಿಯುತ್ತಿದ್ದಳು. ದಿನಾ ಮೂಗು ಮುಚ್ಚಿಕೊಂಡು ದಾಟುತ್ತಿದ್ದವರು ತಮ್ಮದೇ ಹುಳಿಯನ್ನದ ಮುಂದೆ ಬೆಪ್ಪಾಗಿ ನಿಲ್ಲುವುದನ್ನು ನೋಡಲು ಹೆಂಗಸರು ರಜಾ ಕೂಡ ಹಾಕುತ್ತಿರಲಿಲ್ಲ.

ಅಂದು ಬೆಳಿಗ್ಗೆ ಒಂದು ಗೇಟಿಗೆ ಕವುಚಿ ಬಂದು ಮೂಲೆಯಲ್ಲಿ ರಂಗೋಲಿ ಹಾಕುತ್ತಿದ್ದರು. ಕಸ ಎಸೆಯುವ ಜಾಗದಲ್ಲಿ ರಂಗೋಲಿ ಇದ್ದರೆ ಜನ ಎಸೆಯುವುದಿಲ್ಲ ಎಂಬುದು ಆಫೀಸಿನವರ ನಂಬಿಕೆ. ಆಗ ಬಂದ ನೋಡಿ ಮುರುಗೇಶ, ರೇಷ್ಮೆ ಜುಬ್ಬದಲ್ಲಿ, ಬೆಳ್ಳಂಬೆಳಿಗ್ಗೆಯೇ ಕಂಠಮಟ್ಟ ಕುಡಿದು. ಮನೆಗೆ ಬೀಗ ಹಾಕಿ ಬಂದಿದ್ದೀಯಲ್ಲೇ ಬೇವರ್ಸಿ, ಬೀಗದಕೈ ಕೊಡು ಎಂದು ಕೈ ಎತ್ತಿದ. ಎತ್ತಿದ ಕೈ ಅವಳ ಮುಖದ ನೇರಕ್ಕೇ ಬಂತು.

ಅಂಕಮ್ಮನ ಬಾಯಿಂದ ಬಂದದ್ದು ಒಂದೇ ಮಾತು. "ಮುಖ ಬೇಡ, ಹಾಜರಿ ಹೋಯ್ತದೆ."

ಮುರುಗೇಶನಿಗೆ ಆಣೆ ನೆನಪಾಯಿತು. ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಬೆನ್ನಿಗೆ ಬಾರಿಸಲು ಅವಳ ಹಿಂದಕ್ಕೆ ಸುತ್ತಿಬಂದ. ಅವಳೂ ತಿರುಗಿದಳು. ಮುಖ ಎದುರಾಯಿತು. ಮತ್ತೆ ಸುತ್ತಿದ, ಮತ್ತೆ ತಿರುಗಿದಳು. ಬೆನ್ನು ಸಿಗದೆ ಅವನು ಸುತ್ತಿದ, ಸುತ್ತಿದ, ಕೊನೆಗೆ ತಲೆ ಗಿರ್ರೆಂದು ಹಸಿ ರಂಗೋಲಿಯ ಮೇಲೆ ಅಂಗಾತ ಬಿದ್ದು ಗೊರಕೆ ಹೊಡೆಯತೊಡಗಿದ.

ಹೆಂಗಸರು ಸುತ್ತ ನಿಂತು ನೋಡಿದರು.

"ರಂಗೋಲಿ ಹಾಕಿದ್ರೂ ಎಸ್ದವ್ರೆ ನೋಡು ಬೋಳಿಮಕ್ಳು," ಎಂದಳು ಸಾಲಮ್ಮ. "ಇದು ಯಾರ್ ಮನೇದು?"

ಅಂಕಮ್ಮ ಬಗ್ಗಿದಳು. ಬೆನ್ನು ಚುರುಕ್ಕೆಂದಿತು. ಜುಬ್ಬದ ಮೇಲಿನ ತುಪ್ಪದ ಕಲೆಯನ್ನು ಬೆರಳಿಂದ ಮುಟ್ಟಿದಳು. ಮೋರಿಯ ಕಲ್ಲಿನ ಮೇಲೆ ನಿಂತು ಕೇಳಿದ ತೀರ್ಪು, ಸುಣ್ಣದ ಗೋಡೆ, ಪೇಪರ್ ಲೋಟ ಎಲ್ಲ ಒಟ್ಟಿಗೆ ನೆನಪಾಗಿ ಮೈ ಉರಿಯಿತು.

"ವಿಳಾಸ ಐತಲ್ಲ," ಎಂದಳು. "ಗಾಡಿ ತಳ್ರಿ."

ಮುರುಗೇಶನ ಕಾಲು ಗಾಡಿಯ ಹೊರಗೆ ತೂಗಾಡುತ್ತಿತ್ತು. ಮುಂದೆ ಸಾಲಮ್ಮನ ಬಕೆಟ್ಟು, ಹಿಂದೆ ಪೊರಕೆಗಳು. ಮೆರವಣಿಗೆ ಅಡ್ಡರಸ್ತೆಗೆ ಹೊಕ್ಕಾಗ, ಇವತ್ತು ಯಾರ ಮನೆಗೋ ಎಂದು ಜನ ಬಾಲ್ಕನಿಗೆ ಬಂದರು. ತಮ್ಮ ಗೇಟು ದಾಟಿಹೋದ ಮೇಲೆ ಒಬ್ಬೊಬ್ಬರೇ ಉಸಿರು ಬಿಟ್ಟು, ಖುಷಿಯಿಂದ ಹಿಂದೆಯೇ ಬಂದರು.

ವೀರಭದ್ರಯ್ಯನವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅಂಕಮ್ಮ ಈ ಸಲ ಮೋರಿಯ ಕಲ್ಲಿನ ಬಳಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ, ಹೊಸ ಸುಣ್ಣದ ಗೋಡೆಗೆ ಪೊರಕೆ ಒರಗಿಸಿ, ಗಾಡಿಯನ್ನು ಜಗಲಿಗೆ ಎತ್ತಿ ಕವುಚಲು ಕೈಜೋಡಿಸಿದಳು. ದಬಾರನೆ ಬಿದ್ದ ಮುರುಗೇಶ ಯಜಮಾನರ ಪಾದ ತಬ್ಬಿಕೊಂಡು ನಿದ್ದೆ ಮುಂದುವರಿಸಿದ.

"ಏನೇ ಇದು, ನಿನ್ ಗಂಡ ಅಲ್ವೇನೇ ಇವನು?"

"ನಿಮ್ಮನೆ ಹುಡುಗ ಯಜಮಾನ್ರೇ. ಜವಾಬ್ದಾರಿ ನಂದು ಅಂದಿದ್ರಲ್ಲ. ಬೀದೀಲಿ ಬಿದ್ದಿತ್ತು, ತಂದ್ಕೊಟ್ವಿ."

ಯಜಮಾನರು ಕಾಲು ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ವಾಪಸು ತಗೊಂಡು ಹೋಗಿ ಎಂದು ಕೂಗಿದರು. ಸಾಲಮ್ಮ ಬಕೆಟ್ ಬಡಿಯುವುದನ್ನು ನಿಲ್ಲಿಸಿ, ಹಸಿ ಬೇರೆ ಒಣ ಬೇರೆ ಮಾಡಿ ಕೊಡದೆ ನಾವು ಎತ್ತುವುದಿಲ್ಲ, ರೂಲ್ಸು ಎಂದಳು. ಅಷ್ಟರಲ್ಲಿ ಮುರುಗೇಶ ನಿದ್ದೆಯಲ್ಲೇ ವಾಂತಿ ಮಾಡಿಕೊಂಡು ಹಸಿಯದು ಯಾವುದೆಂದು ತೋರಿಸಿಕೊಟ್ಟ. ಬೀದಿಗೆ ಬೀದಿಯೇ ಹೋ ಎಂದಿತು. ಬಾಗಿಲಲ್ಲಿ ನಿಂತಿದ್ದ ಗುರುಬಸಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜ ಕುಣಿಯುತ್ತಿತ್ತು. ಇವತ್ತೇ ಆಫೀಸಿಗೆ ಫೋನ್ ಮಾಡಿ ನಿನ್ನ ಕೆಲಸ ತೆಗೆಸುತ್ತೇನೆ ಎಂದು ಯಜಮಾನರು ಅರಚುತ್ತಿರುವಾಗ ಅಂಕಮ್ಮ ಬೀಗದಕೈಯನ್ನು ರವಿಕೆಯೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡು ಇಳಿದು ಬಂದಳು.

ಆ ರಾತ್ರಿ ಬಾಗಿಲು ಬಡಿಯುವವರು ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಶೀನಣ್ಣ ಉರಿಮುಖ ಮಾಡಿಕೊಂಡು ನಿಂತಿದ್ದ. ಯಜಮಾನರ ಫೋನು ಆಫೀಸಿಗೆ ಹೋಗಿತ್ತು. ಏನಾದರೂ ಒಂದು ಕಾರಣ ಸಿಕ್ಕರೆ ಹೆಸರು ತೆಗೆಯಿರಿ ಎಂದಿದ್ದರಂತೆ ಮೇಲಿನವರು. ಅವನು ಮೊಬೈಲ್ ಎತ್ತಿ ಹಿಡಿದ. ಅಂಕಮ್ಮ ಮುಖ ಕೊಟ್ಟಳು. ಊತವಿಲ್ಲ, ಕಲೆಯಿಲ್ಲ. ಅಷ್ಟರಲ್ಲಿ ಶೀನಣ್ಣನ ಹಿಂದೆ ನಿಂತಿದ್ದ ಸಾಲಮ್ಮ, ಬೆನ್ನು ಹುಡುಕುತ್ತಾ ಸುತ್ತುವ ಮುರುಗೇಶನ ಹಾಗೆ ಒಂದು ಸುತ್ತು ಸುತ್ತಿದಳು. ಅಂಕಮ್ಮನಿಗೆ ಹೊಟ್ಟೆಯೊಳಗಿಂದ ನಗು ಕಿತ್ತುಕೊಂಡು ಬಂತು.

ಮುಖ ಹೊಂದಿಕೆಯಾಗುತ್ತಿಲ್ಲ, ಎಂದಳು ಫೋನಿನ ಹೆಂಗಸು.

"ನಗಬ್ಯಾಡ ಕಣಮ್ಮಿ," ಎಂದ ಶೀನಣ್ಣ. "ಹೆಸರು ಹೋಯ್ತದೆ. ಮೊದಲು ಇಟ್ಕೊತಿದ್ಯಲ್ಲ, ಆ ಮುಖ ಇಡು."

ಅಂಕಮ್ಮ ತುಟಿ ಬಿಗಿದಳು. ಗೋಡೆ ನೋಡುವ ಥರ ನೋಡಲು ಪ್ರಯತ್ನಪಟ್ಟಳು. ಆ ಮುಖ ಹೇಗೆ ಇಡುತ್ತಿದ್ದೆ ಎಂಬುದೇ ಮರೆತುಹೋಗಿತ್ತು. ಮತ್ತೆ ಹಲ್ಲೆಲ್ಲ ಕಂಡಿತು. ಫೋನು ಮತ್ತೆ ಒಪ್ಪದೆ ಕೆಂಪಾಯಿತು.

"ಹಂಗೇ ಹಿಡ್ಕೊಂಡ್ ನಿಂತಿರು ಮೇಸ್ತ್ರಿ," ಎಂದಳು ಅಂಕಮ್ಮ, ಕಣ್ಣೀರು ಒರೆಸಿಕೊಳ್ಳುತ್ತಾ. "ಇದೂ ನನ್ ಮುಖಾನೇ. ಫೋನೇ ಕಲ್ತ್ಕೊಳ್ಳಲಿ."

ಶೀನಣ್ಣ ಸೋತ ಕೈ ಬದಲಿಸಿ ಮೊಬೈಲನ್ನು ಮತ್ತೆ ಎತ್ತಿ ಹಿಡಿದ. ಹಿಂದೆ ಸಾಲಿನಲ್ಲಿದ್ದ ಹೆಂಗಸರೂ ಒಬ್ಬೊಬ್ಬರಾಗಿ ನಗತೊಡಗಿದರು. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದು ಫೋನಿನ ಹೆಂಗಸು ಹೇಳುತ್ತಲೇ ಇದ್ದಳು.