ಭಾವನ ತೂಕದಲ್ಲಿ ಸೂಟು

ತರೀಕೆರೆಯ ಅಡಿಕೆ ಮಂಡಿಯಲ್ಲಿ ತೀರ್ಥಪ್ಪ ಮೂವತ್ತು ವರ್ಷದಿಂದ ತೂಕ ಮಾಡುತ್ತಿದ್ದ. ತಕ್ಕಡಿ ತೋರಿಸಿದ ಅಂಕಿಯನ್ನು ಇದ್ದ ಹಾಗೇ ಕೂಗಿದವನಲ್ಲ. ಗೋಣಿಚೀಲಕ್ಕೆ ಒಂದು ಕೆಜಿ, ತೇವ ಧೂಳು ಅಂತ ಇನ್ನೊಂದು ಕೆಜಿ ಕಳೆದೇ ಕೂಗುತ್ತಿದ್ದ. ಹೀಗೆ ಕಳೆಯುವುದಕ್ಕೆ ಮಂಡಿಯವರು ಸೂಟು ಎನ್ನುತ್ತಾರೆ. ಬೆಳೆಗಾರರು ಬೇರೆ ಏನೇನೋ ಎನ್ನುತ್ತಾರೆ. ಯಾರಾದರೂ ಮುಖಕ್ಕೇ ಕೇಳಿದರೆ ತೀರ್ಥಪ್ಪನ ಉತ್ತರ ಒಂದೇ: ‘ಚೀಲದ ತೂಕ ಬಿಟ್ರೆ ಬೇರೆ ಒಂದು ಗ್ರಾಮೂ ಮುಟ್ಟೋನಲ್ಲ ಕಣ್ರೀ ನಾನು.’

೧೯೮೩ರಲ್ಲಿ ಅವನ ಅಕ್ಕ ಸಾವಿತ್ರಮ್ಮನ ಗಂಡ ಕರಿಸಿದ್ದಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಅಜ್ಜಂಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಬಾಯಿ ಜೋರಿನ ಮನುಷ್ಯ. ಗೊತ್ತಾಗುವ ಹೊತ್ತಿಗೆ ಅದು ಪಿತ್ತಜನಕಾಂಗಕ್ಕೂ ಹಬ್ಬಿತ್ತು, ಕುಯ್ದು ತೆಗೆಯುವಂತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರ್ ಲಕ್ಷ್ಮೀಪತಿ ಇಂಥ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಸುತ್ತಿದ್ದರು. ಅರ್ಧ ಜನಕ್ಕೆ ಒಂದೇ ಔಷಧಿ, ಉಳಿದರ್ಧಕ್ಕೆ ಮೂರು ಔಷಧಿ ಒಟ್ಟಿಗೆ. ಯಾರಿಗೆ ಯಾವುದು ಎನ್ನುವುದು ಅಂಟಿಸಿದ ಲಕೋಟೆಯೊಳಗೆ.

‘ಮೂರು ಇರೋ ಲಕೋಟೇನೇ ಕೊಡಿ ಸ್ವಾಮಿ’ ಎಂದು ಸಾವಿತ್ರಮ್ಮ ಕೈಮುಗಿದಿದ್ದಳು.

‘ಅದು ನನ್ನ ಕೈಲಿಲ್ಲ ತಾಯಿ. ಮೂರು ಮೇಲೋ ಒಂದು ಮೇಲೋ ಗೊತ್ತಿದ್ದಿದ್ರೆ ಈ ಪರೀಕ್ಷೆ ಯಾಕೆ ಮಾಡ್ತಿದ್ವಿ?’

ಲಕೋಟೆ ಒಡೆದಾಗ ಮೂರೇ ಬಂತು. ಮೂರರಲ್ಲಿ ಒಂದು ಕೆಂಪು. ಅದನ್ನು ಏರಿಸಿದ ಮೇಲೆ ಎರಡು ದಿನ ಉಚ್ಚೆಯೂ ಕೆಂಪಗೆ ಹೋಯಿತು. ‘ಎಲೆಅಡಿಕೆ ಹಾಕ್ದೇನೇ ಕೆಂಪಾದೋನು ನಾನೊಬ್ನೇ ಇರ್ಬೇಕು’ ಎಂದ ಕರಿಸಿದ್ದಪ್ಪ. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು. ಆದರೆ ಔಷಧಿಯ ಎರಡನೇ ಸರದಿ ಮುಗಿದ ಮೇಲೆ, ಒಂದು ಗುಟುಕು ನೀರೂ ನಿಲ್ಲದಿದ್ದ ಹೊಟ್ಟೆಯಲ್ಲಿ ರಾಗಿ ಅಂಬಲಿ ನಿಲ್ಲತೊಡಗಿತು. ಸಾವಿತ್ರಮ್ಮನಿಗೆ ಅಷ್ಟು ಸಾಕಿತ್ತು.

ಬೆಂಗಳೂರಿಗೆ ಓಡಾಡಲು ಅನುಕೂಲವೆಂದು ಗಂಡಹೆಂಡತಿ ತರೀಕೆರೆಯಲ್ಲಿ ತೀರ್ಥಪ್ಪನ ಮನೆಯಲ್ಲೇ ಇದ್ದರು. ಡಾಕ್ಟರು ಹೇಳಿದ್ದ ಕೆಲಸ ಒಂದೇ. ಪ್ರತಿ ಗುರುವಾರ ರೋಗಿಯ ತೂಕ ನೋಡಿ ಆಸ್ಪತ್ರೆಗೆ ಕಾರ್ಡು ಬರೆಯಬೇಕು. ಮೊದಲು ಆಸ್ಪತ್ರೆಯಲ್ಲಿ ತೂಗಿದಾಗ ಐವತ್ತೆರಡು ಕೆಜಿ ಇದ್ದ. ಅದರಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದರೆ ಮೂರು ಔಷಧಿಯನ್ನು ಮೈ ತಡೆಯುತ್ತಿಲ್ಲ ಎಂದು ನಿಲ್ಲಿಸಿಬಿಡುತ್ತಾರೆ.

‘ತೂಕ ತಾನೇ? ಮನೇಲೇ ತೂಕದೋನು ಇದೀನಲ್ಲ’ ಎಂದಿದ್ದ ತೀರ್ಥಪ್ಪ. ನಾಲ್ಕು ಜನ ನೋಡುವುದು ಬೇಡವೆಂದು ಮಂಡಿ ತೆರೆಯುವ ಮೊದಲೇ ಭಾವನನ್ನು ತಕ್ಕಡಿಯ ಹಲಗೆ ಮೇಲೆ ನಿಲ್ಲಿಸಿ, ತಾನೇ ಅಂಕಿ ಹೇಳಿಕೊಂಡು, ತಾನೇ ಕಾರ್ಡು ಬರೆಯುತ್ತಿದ್ದ. ನಲವತ್ತೊಂಬತ್ತು. ನಲವತ್ತೆಂಟು. ಆರನೇ ಗುರುವಾರ ನಲವತ್ತಾರು.

ಮುಂದಿನ ವಾರ ಆಸ್ಪತ್ರೆಯಿಂದ ಪತ್ರ ಬಂತು. ತೂಕ ಮಿತಿಗಿಂತ ಕೆಳಗಿಳಿದಿರುವುದರಿಂದ ರೋಗಿಯನ್ನು ಪರೀಕ್ಷೆಯಿಂದ ಕೈಬಿಡಲಾಗಿದೆ, ಬರುವ ಸೋಮವಾರ ಮೂರನೇ ಸರದಿಗೆ ಬರುವುದು ಬೇಡ.

ಸಾವಿತ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕರಿಸಿದ್ದಪ್ಪ ಗೋಡೆಗೆ ಒರಗಿ ಕಾಲು ಚಾಚಿದ. ‘ಬಿಡೇ ಅತ್ಲಾಗೆ. ಬಾಯಿ ಹುಣ್ಣಾದ್ರೂ ಮಾಯ್ಲಿ.’

‘ಹುಣ್ಣು ಮಾಯ್ತದೆ. ಅಂಬಲಿ ಇಳೀದಂಗಾದ್ರೆ ಏನ್ಮಾಡ್ತೀರಿ?’ ಎಂದಳು ಅವಳು.

ತೀರ್ಥಪ್ಪನಿಗೆ ತಡೆಯಲಾಗಲಿಲ್ಲ. ಇನ್ನೊಂದು ಸಲ ನೋಡೇ ಬಿಡೋಣ ಎಂದು ಮಧ್ಯಾಹ್ನವೇ ಭಾವನನ್ನು ಮಂಡಿಗೆ ಕರೆದುಕೊಂಡು ಹೋದ. ಹಲಗೆ ಮೇಲೆ ನಿಲ್ಲಿಸಿ, ಕಡ್ಡಿಯ ಮೇಲಿನ ಗುಂಡು ಸರಿಸಿ, ‘ನಲವತ್ತಾರೇ’ ಎಂದ.

ಪಕ್ಕದಲ್ಲಿ ಮೂಟೆ ಇಳಿಸುತ್ತಿದ್ದ ಹಮಾಲಿ ಕಲ್ಲಪ್ಪ ಬಗ್ಗಿ ನೋಡಿದ. ‘ನಲವತ್ತೆಂಟು ಐತಲ್ಲಣ್ಣ.’ ಆಮೇಲೆ ನಗು ತಡೆಯಲಾರದೆ, ‘ಭಾವಯ್ಯಂಗೂ ಸೂಟು ತೆಗೆದ್ರಾ?’

ತೀರ್ಥಪ್ಪ ಮತ್ತೆ ನೋಡಿದ. ನಲವತ್ತೆಂಟು. ಕಣ್ಣು ಮೊದಲೂ ನಲವತ್ತೆಂಟನ್ನೇ ನೋಡಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ಎರಡು ಕಳೆದು ಹೇಳಿತ್ತು. ಆರು ವಾರ, ಆರು ಕಾರ್ಡು.

ಕಾಗದ ಬರೆದು ಕೂತರೆ ಸೋಮವಾರದ ಸರದಿ ತಪ್ಪುತ್ತಿತ್ತು. ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿಸಿದ. ಫೋನ್ ಇದ್ದದ್ದು ಪೋಸ್ಟ್‌ಮಾಸ್ಟರ್ ವೆಂಕಟಸುಬ್ಬಯ್ಯನವರ ಮೇಜಿನ ಮೇಲೆ. ಮನಿಯಾರ್ಡರ್ ಸಾಲಿನಲ್ಲಿ ಏಳೆಂಟು ಜನ. ಅವರಲ್ಲಿ ಹಿಂದಿನ ದಿನವಷ್ಟೇ ಹನ್ನೊಂದು ಚೀಲ ಅಡಿಕೆ ತೂಗಿಸಿದ್ದ ಓಂಕಾರಮೂರ್ತಿಯೂ ಇದ್ದ. ಮುಕ್ಕಾಲು ಗಂಟೆಯ ಮೇಲೆ ಲೈನು ಸಿಕ್ಕಿತು.

‘ಸ್ವಾಮಿ, ಕರಿಸಿದ್ದಪ್ಪನ ಬಾಮೈದ. ಆ ತೂಕ ತಪ್ಪು.’

‘ಕೇಳಿಸ್ತಿಲ್ಲ, ಜೋರಾಗಿ ಹೇಳಿ.’

‘ತೂಕ ತಪ್ಪು ಅಂದೆ. ಎರಡು ಕೆಜಿ ಕಮ್ಮಿ ಬರ್ದಿದೀನಿ.’

‘ಯಾವ ವಾರ?’

‘ಎಲ್ಲಾ ವಾರ.’

‘ಎಲ್ಲಾ ವಾರ ಸರಿಯಾಗಿ ಎರಡೇ ಕೆಜಿ ಹೇಗ್ರೀ ತಪ್ಪುತ್ತೆ? ಬೇಕೂಂತ ಹೇಳ್ತಿದೀರಾ, ಮತ್ತೆ ಸೇರಿಸ್ಕೊಳ್ಳಲಿ ಅಂತ?’

ತೀರ್ಥಪ್ಪ ಸಾಲಿನ ಕಡೆ ನೋಡಿದ. ಎಲ್ಲರೂ ಇತ್ತಲೇ ತಿರುಗಿ ನಿಂತಿದ್ದರು. ವೆಂಕಟಸುಬ್ಬಯ್ಯನವರು ಮುದ್ರೆ ಒತ್ತುವುದನ್ನೂ ನಿಲ್ಲಿಸಿದ್ದರು. ಫೋನ್ ಇಟ್ಟುಬಿಡಬಹುದಿತ್ತು. ಭಾವನಿಗೂ ಅದೇ ಬೇಕಾಗಿತ್ತು.

‘ನಾನು ಮಂಡಿ ತೂಕದೋನು ಸ್ವಾಮಿ’ ಎಂದು ಕೂಗಿದ. ‘ಚೀಲಕ್ಕೊಂದು ಕೆಜಿ ಹಿಡೀತೀನಿ. ಸುಮ್ನೆ ಇನ್ನೊಂದು ಹಿಡೀತೀನಿ. ಮೂವತ್ತು ವರ್ಷದಿಂದ ಹಿಡೀತಿದೀನಿ. ಅದೇ ಬಾಯಿಗೆ ಬಂದ್ಬಿಡ್ತು.’

‘ಹೀಗಂತ ಯಾರೂ ಸುಳ್ಳು ಹೇಳೋದಿಲ್ಲ’ ಎಂದರು ಕೊನೆಗೆ ಡಾಕ್ಟರು. ‘ಸೋಮವಾರ ಕರ್ಕೊಂಡು ಬನ್ನಿ. ಇಲ್ಲೇ ತೂಗ್ತೀವಿ. ನಲವತ್ತೇಳಿದ್ರೆ ಸರದಿ ಮುಂದುವರೀತದೆ. ಇಲ್ಲದಿದ್ರೆ ಇಲ್ಲ.’

ಫೋನ್ ಇಟ್ಟಾಗ ಓಂಕಾರಮೂರ್ತಿ ಸಾಲಿನಿಂದ ಹೊರಗೆ ಬಂದ. ‘ಹನ್ನೊಂದು ಚೀಲ ತೀರ್ಥಪ್ಪನೋರೇ.’

‘ಹೂಂ.’

‘ಭಾವಂದು ಮೊದ್ಲು ನೋಡ್ಕೊಳ್ಳಿ. ಆಮೇಲೆ ನಂದು ಮಾತಾಡಣ.’

ತೀರ್ಥಪ್ಪ ಮನೆಗೆ ಬಂದು ಅಂಚೆ ಕಚೇರಿಯಲ್ಲಿ ನಡೆದದ್ದನ್ನೂ ಸೋಮವಾರದ ವಿಷಯವನ್ನೂ ಹೇಳಿದ. ಸಾವಿತ್ರಮ್ಮ ಎದ್ದು ಒಳಗೆ ಹೋದಳು. ಅಂಬಲಿ ಕಾಯಿಸುವ ಪಾತ್ರೆಯ ಸದ್ದು ಕೇಳಿತು.

‘ಹಾಯಾಗಿದ್ದೆ ಕಣಯ್ಯ’ ಎಂದ ಕರಿಸಿದ್ದಪ್ಪ. ‘ನಿನ್ನ ತಪ್ಪಿನಿಂದ ಒಂದು ಒಳ್ಳೇದಾಗಿತ್ತು, ಅದನ್ನೂ ಹೋಗಿ ಕೆಡಿಸ್ಕೊಂಡು ಬಂದೆ. ಇನ್ನು ಮಂಡಿಲಿ ನಿಂಗೆ ಯಾರು ತೂಕ ಕೊಡ್ತಾರೆ?’

‘ಕೊಡ್ದಿದ್ರೆ ನಿಮ್ಮ ಅಂಗಡೀಲಿ ಬಟ್ಟೆ ಅಳೀತೀನಿ.’

‘ನೀನು ಅಳತೆ ಮಾಡಿದ್ರೆ ಪಂಚೆ ಟವಲ್ಲಾಗ್ತದೆ.’

ಸಾವಿತ್ರಮ್ಮ ಲೋಟ ತಂದು ಮುಂದೆ ಹಿಡಿದಳು. ಕರಿಸಿದ್ದಪ್ಪ ಹುಣ್ಣಿನ ತುಟಿಗೆ ತಾಗದಂತೆ ಎತ್ತಿ ಎರಡು ಗುಟುಕು ಕುಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಲೋಟ ಕೆಳಗಿಟ್ಟ. ಅವಳು ಅಲ್ಲೇ ನಿಂತು ಲೋಟದಲ್ಲಿ ಉಳಿದದ್ದನ್ನು ನೋಡಿದಳು.

‘ಸೋಮವಾರಕ್ಕೆ ಎಷ್ಟು ದಿನ ಐತೆ?’ ಎಂದು ಕೇಳಿದ.

‘ಐದು’ ಎಂದ ತೀರ್ಥಪ್ಪ.

ಕರಿಸಿದ್ದಪ್ಪ ಲೋಟವನ್ನು ಮತ್ತೆ ಕೈಗೆತ್ತಿಕೊಂಡ.