ಇದ್ದವಳ ಮೇಲೊಂದು ಹಾಡು

ದೇವದುರ್ಗದ ಗಡಿಗೆಪ್ಪ ಮಾಸ್ತರರು ಕಟ್ಟಿದ ಕ್ರಿಸ್ಮಸ್ ಹಾಡುಗಳು ಹದಿನಾರೋ ಹದಿನೇಳೋ ಇದ್ದವು. ಜನ ನೆನಪಿಟ್ಟುಕೊಂಡದ್ದು ಮಾತ್ರ ಒಂದನ್ನೇ.

ಚುಕ್ಕಿ ಬಂತು, ಕುರಿ ಕಾಯೋರು ಬಂದ್ರು, ನೀ ಮಾತ್ರ ಬರಲಿಲ್ಲ,
ದೀಪ ಹಚ್ಚಿದ ಮನಿಯಾಗ ನಿನ್ನ ಹೆಜ್ಜಿ ಸಪ್ಪಳಿಲ್ಲ.

ಡಿಸೆಂಬರ್ ಬಂತೆಂದರೆ ಇದು ದೇವದುರ್ಗದ ಸಣ್ಣ ಚರ್ಚಿನಲ್ಲಷ್ಟೇ ಅಲ್ಲ, ಮಾನ್ವಿ, ಪೋತ್ನಾಳ, ರಾಯಚೂರುಗಳಲ್ಲೂ ಕೇಳಿಬರುತ್ತಿತ್ತು. 'ನೀ' ಅಂದರೆ ದಾರಿ ತಪ್ಪಿದ ಆತ್ಮ ಎಂದು ಪಾದ್ರಿಗಳು ಅರ್ಥ ಬಿಡಿಸುತ್ತಿದ್ದರು. ಆ ವರ್ಷ ಗಂಡನನ್ನು ಮಣ್ಣು ಮಾಡಿದ ಹೆಂಗಸರು, ಮಗಳನ್ನು ದೂರದ ಊರಿಗೆ ಕೊಟ್ಟ ತಾಯಂದಿರು ಆ ಅರ್ಥದ ಗೊಡವೆಗೆ ಹೋಗದೆ ತಮ್ಮ ತಮ್ಮವರನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಸಲಿಗೆ ಆ 'ನೀ' ಸುಗುಣ ಎಂಬ ಹುಡುಗಿ. ಮಾಸ್ತರರು ರಾಯಚೂರಿನಲ್ಲಿ ಮಾಸ್ತರಿಕೆಯ ತರಬೇತಿಗೆ ಇದ್ದಾಗ ಆಕೆ ಅಲ್ಲೇ ನರ್ಸ್ ಕೆಲಸ ಕಲಿಯುತ್ತಿದ್ದಳು. ಎರಡು ವರ್ಷ ಕಾಗದ ಬರೆದುಕೊಂಡರು. ಎಪ್ಪತ್ತನಾಲ್ಕರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಆಕೆ, ಮನೆಯವರು ನೋಡಿದ ಹೈದರಾಬಾದಿನ ಸಂಬಂಧಕ್ಕೆ ತಾನೂ ಒಪ್ಪಿದ್ದೇನೆ ಎಂದು ಹೇಳಿ ಬಸ್ಸು ಹತ್ತಿ ಹೋದಳು. ಮಾಸ್ತರರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಚರ್ಚಿನ ಹಾರ್ಮೋನಿಯಂ ಮುಂದೆ ಕುಳಿತು ಈ ಹಾಡು ಕಟ್ಟಿದರು.

ಮೂರು ವರ್ಷದ ಮೇಲೆ ಕಲ್ಲೂರಿನ ರೂತಮ್ಮನನ್ನು ಮದುವೆಯಾದರು. ಆಕೆ ಏಳನೇ ಇಯತ್ತೆ ಓದಿದವಳು, ಗಟ್ಟಿ ಕಂಠದವಳು, ಮಾತಿನಲ್ಲಿ ಸುತ್ತುಬಳಸು ಇಲ್ಲದವಳು. ಮದುವೆಯಾದ ತಿಂಗಳಲ್ಲೇ ಮಾಸ್ತರರು, ಮುಚ್ಚಿಡುವುದು ಸರಿಯಲ್ಲವೆಂದು, ಸುಗುಣಳ ವಿಷಯವನ್ನೆಲ್ಲ ಹೇಳಿದರು. ರೂತಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ಹಾಡು ಚಲೋ ಅದ ರೀ. ಆದ್ರ ಎರಡನೇ ಸಾಲು ಬಾಳ ಮ್ಯಾಲೆ ಏರಿಸೀರಿ. ಮುದುಕ್ಯಾರಿಗೆ ದನಿ ಸಾಲಂಗಿಲ್ಲ. ಸ್ವಲ್ಪ ಇಳಸ್ರಿ," ಎಂದಳು.

ಮಾಸ್ತರರು ಇಳಿಸಿದರು. ಹಾಡು ಊರೂರಿಗೆ ಹಬ್ಬಿದ್ದು ಆಮೇಲೆಯೇ. ಅದನ್ನು ಎತ್ತಿಕೊಡುವ ಮುಖ್ಯ ದನಿಯೂ ರೂತಮ್ಮನದೇ ಆಯಿತು.

ಎಂಬತ್ತೆರಡರ ಡಿಸೆಂಬರಿನ ಮೊದಲ ಭಾನುವಾರ ಸಂಜೆ ಮಾಸ್ತರರ ಅಂಗಳದಲ್ಲಿ ಹಾಡಿನ ಅಭ್ಯಾಸ ಮುಗಿದಿತ್ತು. ಬಜಾರಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಮಹಮ್ಮದ್ ಹುಸೇನ್ ಪ್ರತಿವರ್ಷ ಇವರ ಹಾಡಿಗೆ ಢೋಲಕ್ ಬಾರಿಸುತ್ತಿದ್ದ. ಅವನು ಢೋಲಕ್ಕಿಗೆ ಗವಸು ಹಾಕಿ ಹೊರಟು ಹೋದ ಮೇಲೆ ರೂತಮ್ಮ ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತಳು. ನಾಲ್ಕು ವರ್ಷದ ಮಗಳು ಸುವಾರ್ತ ಪಕ್ಕದಲ್ಲಿ ಹಿಟ್ಟಿನ ಉಂಡೆಯೊಂದನ್ನು ತಟ್ಟುತ್ತಿತ್ತು.

"ರೀ, ಈ ವರ್ಷ ನನ್ನ ಮ್ಯಾಲೆ ಒಂದು ಹಾಡು ಬರೀರಿ," ಎಂದಳು ರೂತಮ್ಮ.

ಮಾಸ್ತರರು ನಕ್ಕರು. "ನಿನ್ನ ಮ್ಯಾಲೆ ಹೆಂಗ ಬರೀಲಿ? ನೀ ಇಲ್ಲೇ ಅದೀಯಲ್ಲ."

"ಇದ್ದೋರ ಮ್ಯಾಲೆ ಬರಿಯಾಕ ಬರಂಗಿಲ್ಲೇನು?"

"ಹಬ್ಬದಾಗ ಯಾರರೆ ದೂರ ಇದ್ರ, ಅವರ ನೆನಪಾಗಿ ಹಾಡು ಬರ್ತದ. ಎದುರಿಗೇ ಕುಂತು ರೊಟ್ಟಿ ಬಡಿಯೋರ ಮ್ಯಾಲೆ ಏನಂತ ಬರೀಲಿ? ರೊಟ್ಟಿ ಮೆತ್ತಗ ಅದ ಅಂತ ಬರೀಲೇನು?"

ರೂತಮ್ಮ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಮರುದಿನ ಬೆಳಿಗ್ಗೆ ಮಾಸ್ತರರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಟ್ರಂಕು ಬಾಗಿಲಲ್ಲಿತ್ತು. ಸುವಾರ್ತ ಹೊಸ ಫ್ರಾಕು ತೊಟ್ಟು ಅದರ ಮೇಲೆ ಕುಳಿತಿತ್ತು.

"ಕಲ್ಲೂರಿಗೆ ಹೊಂಟೀನಿ. ಅವ್ವನ ಹೊಲದಾಗ ಹತ್ತಿ ಬಿಡಸೋದು ಅದ. ಹಾಡು ಆದ ದಿನ ಹೇಳಿ ಕಳಸ್ರಿ, ಬರ್ತೀನಿ."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ ಅದು. ಹೋಗುವ ಮುಂಚೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಶೇಂಗಾ ಹಿಂಡಿಯ ಡಬ್ಬಿ, ಉಪ್ಪಿನ ಗಡಿಗೆ, ಸೀಮೆಎಣ್ಣೆ ಎಲ್ಲವನ್ನೂ ತೋರಿಸಿಯೇ ಹೋದಳು. ಮಾಸ್ತರರಿಗೂ ಒಳಗೊಳಗೆ ತಮಾಷೆ ಎನಿಸಿತು. ನಾಲ್ಕು ದಿನ ಮನೆ ಶಾಂತವಾಗಿರುತ್ತದೆ, ಹಾಡೂ ಆಗುತ್ತದೆ ಎಂದುಕೊಂಡರು.

ಸೋಮವಾರ ಸಂಜೆ ಶಾಲೆಯಿಂದ ಬಂದವರೇ ಹಾರ್ಮೋನಿಯಂ ತೆಗೆದು ಕುಳಿತರು. ಪಲ್ಲವಿ ಸರಾಗವಾಗಿ ಬಂತು. ಹಾಡಿ ನೋಡಿದರೆ ಅದು ಹಳೆಯ ಹಾಡಿನದೇ ಧಾಟಿ. ಅಳಿಸಿದರು. ಮಂಗಳವಾರ 'ಬಾರೆ ಬಾರೆ' ಎಂದು ಶುರು ಮಾಡಿದರು. ಬರುವ ದಾರಿಯಲ್ಲಿ ಚಂದ್ರ, ಮಂಜು, ಹೂವು ಎಲ್ಲ ಬಂದವು, ರೂತಮ್ಮ ಬರಲಿಲ್ಲ. ಆ ಸಾಲುಗಳು ಯಾವ ಹೆಂಗಸಿಗೂ ಒಪ್ಪುವಂತಿದ್ದವು. ಆಕೆಯನ್ನು ನೆನೆಸಿಕೊಳ್ಳಲು ಹೋದರೆ ಅವರಿಗೆ ಹಾಡಿಗೆ ಹೊಂದದ ಸಂಗತಿಗಳೇ ನೆನಪಾಗುತ್ತಿದ್ದವು. ಜ್ವರ ಬಂದಾಗ ಹಣೆ ಮುಟ್ಟಿ "ಏನಿಲ್ಲ, ಏಳ್ರಿ" ಅನ್ನುವುದು. ತಲೆ ಬಾಚಿಕೊಳ್ಳುವಾಗ ಹಲ್ಲಲ್ಲಿ ಕಚ್ಚಿ ಹಿಡಿದ ಪಿನ್ನಿನ ಸಂದಿಯಿಂದಲೇ ಮಾತಾಡುವುದು. ಸರಿಗಮದ ಗಂಧವಿಲ್ಲದೆಯೂ ಯಾರು ಎಲ್ಲಿ ಅಪಸ್ವರ ತೆಗೆದರು ಎಂದು ಬೆರಳಿಟ್ಟು ತೋರಿಸುವುದು.

ಪಕ್ಕದ ಮನೆಯ ಬಳೆ ಮಾರುವ ಮುದುಕಿ ಹೀರಾಬಿ ಬುಧವಾರ ಒಂದು ಬಟ್ಟಲು ಖೀಮಾ ತಂದುಕೊಟ್ಟಳು.

"ಬೇಟಾ, ಮೂರು ದಿನದಿಂದ ನಿನ್ನ ಪೇಟಿ ಕುಂಯ್ ಕುಂಯ್ ಅಂತದ, ಹಾಡು ಮಾತ್ರ ಕೇಳಂಗಿಲ್ಲ. ಏನು ಮಾಡಾಕತ್ತೀ?"

"ರೂತಮ್ಮನ ಮ್ಯಾಲೆ ಹಾಡು ಬರಿಯಾಕತ್ತೀನಿ, ಖಾಲಾ."

"ಹಾಡ್ಯಾಕ? ಹೋಗಿ ಕರ್ಕೊಂಡು ಬಾ," ಎಂದು ಮುದುಕಿ ಬಟ್ಟಲು ಇಟ್ಟು ಹೋದಳು.

ಶುಕ್ರವಾರದ ಅಭ್ಯಾಸಕ್ಕೆ ಹನ್ನೊಂದು ಜನ ಬಂದಿದ್ದರು. ರೂತಮ್ಮನ ಬದಲು ಬೇರೊಬ್ಬಳು ಎತ್ತಿಕೊಟ್ಟಳು. ಮೊದಲ ಸಾಲಿಗೇ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಆದರು. ಮಹಮ್ಮದ್ ಹುಸೇನ್ ಢೋಲಕ್ಕಿನ ಮೇಲೆ ಕೈ ಇಟ್ಟು ನಿಲ್ಲಿಸಿದ.

"ಮಾಸ್ತರ, ಭಾಭಿ ಯಾವಾಗ ಬರ್ತಾರ?"

"ಹಾಡು ಆದ ಮ್ಯಾಲೆ."

"ಹಾಡು ಯಾವಾಗ ಆಗ್ತದ?"

ಮಾಸ್ತರರು ಪೇಟಿಯ ಮುಚ್ಚಳ ಹಾಕಿದರು. "ಆಗಂಗಿಲ್ಲ ಹುಸೇನ್ ಭಾಯ್. ನನ್ನ ಕೈಲಿ ಆಗಂಗಿಲ್ಲ."

ಹಾಗೆ ಬಾಯಿಬಿಟ್ಟು ಹೇಳಿದ ಮೇಲೆ ಅವರಿಗೆ ಹಗುರವಾಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ರಾಯಚೂರಿನ ಬಸ್ಸು ಹತ್ತಿದರು. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸುವಾರ್ತಳಿಗೆ ಬತ್ತಾಸು, ಅತ್ತೆಗೆ ಒಂದು ಡಜನ್ ಬಾಳೆಹಣ್ಣು ಕೊಂಡು, ಮಾನ್ವಿ ಬಸ್ಸಿನಲ್ಲಿ ಸೀಟಿಗಾಗಿ ಕಿಟಕಿಯಿಂದ ಟವೆಲ್ ಹಾಕಿದರು. ಬಸ್ಸು ಊರು ದಾಟಿ ಹತ್ತಿ ಹೊಲಗಳ ನಡುವೆ ಬಂದಾಗ ಅವರಿಗೆ ಥಟ್ಟನೆ ಹೊಳೆಯಿತು. ಸುಗುಣ ಬಿಟ್ಟುಹೋದದ್ದು ಅದೇ ಸ್ಟ್ಯಾಂಡಿನಲ್ಲಿ, ಅದೇ ತಿಂಗಳಲ್ಲಿ. ಅಲ್ಲಿ ಮುಕ್ಕಾಲು ಗಂಟೆ ನಿಂತಿದ್ದರೂ ಅದರ ನೆನಪೇ ಆಗಿರಲಿಲ್ಲ. ಬಾಳೆಹಣ್ಣು ಜಜ್ಜಿಹೋಗದಂತೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು.

ಇತ್ತ ಕಲ್ಲೂರಿನಲ್ಲಿ ರೂತಮ್ಮನ ವಾರವೂ ಎಣಿಸಿದಂತೆ ಸಾಗಿರಲಿಲ್ಲ. ತವರಿನಲ್ಲಿ ಹಾಯಾಗಿರಬಹುದು ಎಂದು ಬಂದವಳು ಎರಡನೆಯ ದಿನವೇ ಚಡಪಡಿಸತೊಡಗಿದಳು. ಹೊಲದಲ್ಲಿ ಹತ್ತಿ ಬಿಡಿಸುತ್ತ ಗಂಡ ಏನು ಉಂಡನೋ, ಅಂಗಿಯ ಗುಂಡಿ ಹಚ್ಚಿಕೊಂಡನೋ ಎಂದು ಯೋಚಿಸುವಳು. ತಾನೇ ಬಿಟ್ಟು ಬಂದಿದ್ದಾಳೆ, ತಾನೇ ಹಂಬಲಿಸುತ್ತಿದ್ದಾಳೆ. ಇದನ್ನು ತಾಯಿ ವೀರಭದ್ರಮ್ಮನಿಗೆ ಹೇಳಿಕೊಳ್ಳಲು ನಾಚಿಕೆ. ಮೂರನೆಯ ದಿನ ಹತ್ತಿ ಬಿಡಿಸುತ್ತಲೇ ತನಗೆ ತಾನೇ ಗುನುಗತೊಡಗಿದಳು. ಬೆತ್ಲೆಹೇಮಿನಲ್ಲಿ ತುಂಬಿದ ಬಸುರಿ ಮರಿಯಳನ್ನು ಒಂದು ಕಡೆ ಕೂರಿಸಿ ಯೋಸೇಫ ಇಳಿದುಕೊಳ್ಳಲು ಜಾಗ ಹುಡುಕಲು ಹೋಗಿದ್ದನಲ್ಲ, ಅವನು ಬರುವ ತನಕ ಆಕೆ ಒಬ್ಬಳೇ ಏನು ಮಾಡುತ್ತಿದ್ದಳು? ಅಷ್ಟು ವರ್ಷ ಆ ಕಥೆ ಕೇಳಿದ್ದರೂ ರೂತಮ್ಮನಿಗೆ ಈ ಪ್ರಶ್ನೆ ಬಂದಿರಲಿಲ್ಲ.

ಮಾಸ್ತರರು ಕಲ್ಲೂರಿನ ಮನೆ ಮುಟ್ಟಿದಾಗ ಆಕೆ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ತಲೆಯಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ವೀರಭದ್ರಮ್ಮ ಅಳಿಯನಿಗೆ ಕಂಬಳಿ ಹಾಸಿ, ನೀರು ಕೊಟ್ಟು, ಮೊಮ್ಮಗಳನ್ನು ಕರೆದುಕೊಂಡು ಬೇಕೆಂದೇ ಹಿತ್ತಲಿಗೆ ಹೋದಳು.

"ಹಾಡು ಆತೇನ್ರಿ?" ರೂತಮ್ಮ ಕೇಳಿದಳು.

"ಇಲ್ಲ. ಬರಿಯಾಕ ಆಗ್ಲಿಲ್ಲ. ಬರದಿದ್ದೆಲ್ಲಾ ಸುಳ್ಳು ಅನಿಸ್ತು. ಹಾಡು ಇಲ್ದನ ಕರಿಯಾಕ ಬಂದೀನಿ. ಬಾ ಮನಿಗೆ."

ರೂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಒಂದು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದಳು.

"ಹೋದ ವರ್ಷ ರಾಯಚೂರಿನ ಚರ್ಚಿನಾಗ 'ಚುಕ್ಕಿ ಬಂತು' ಹಾಡಿ ಇಳಿದಾಗ ಒಬ್ಬಾಕಿ ನನ್ನ ಕೈ ಹಿಡ್ಕೊಂಡಳ್ರಿ. ನಿಮ್ಮ ಯಜಮಾನ್ರು ನಿಮ್ಮ ಮ್ಯಾಲೆ ಬರದದ್ದೇನವ್ವಾ, ಎಂಥ ಪುಣ್ಯ ಮಾಡೀರಿ ಅಂದಳು. ನಾ ಹೌದು ಅಂದುಬಿಟ್ಟೆ. ಚರ್ಚಿನಾಗ ನಿಂತು ಸುಳ್ಳು ಹೇಳಿದೆ. ಅದು ಚುಚ್ಚಾಕತ್ತಿತ್ತು. ನಿಮ್ಮ ಮ್ಯಾಲೆ ಸಿಟ್ಟಲ್ಲ ಅದು."

"ನನಗ ಗೊತ್ತಾಗ್ಲಿಲ್ಲ ರೂತಿ," ಎಂದು ಹೇಳಿ ಮಾಸ್ತರರು ಆಕೆಯ ತಲೆಯಲ್ಲಿದ್ದ ಹತ್ತಿಯ ಎಳೆಯೊಂದನ್ನು ತೆಗೆದರು.

"ನೀವು ಬರೀಲಿಲ್ಲ. ನಾ ಬರದೀನಿ," ಎಂದು ಆಕೆ ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದಳು. ಹಿಂಬದಿಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರ. ಓದಲು ಕೊಡದೆ ತಾನೇ ಹಾಡಿದಳು.

ಊರ ತುಂಬ ಬಾಗಿಲ ಬಡದು ದಣಿದ್ಯೋ ಯೋಸೇಫಾ,
ಮನಿ ಸಿಗದಿದ್ರ ಸಿಗದಿರಲಿ, ನೀ ತಿರುಗಿ ಬಾರೋ.
ಕತ್ತೆ ಮಗ್ಗಲ ಕುಂತೀನಿ, ಚಳಿ ಬಾಳ ಅದ,
ನೀ ಬಂದು ನಿಂತಲ್ಲೇ ನನಗ ಮನಿ ಅದ.

ಮಾಸ್ತರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, "ಇನ್ನೊಮ್ಮಿ ಹಾಡು," ಎಂದರು. ಹಿತ್ತಲಿನಿಂದ ವೀರಭದ್ರಮ್ಮ, "ಹೌದವ್ವಾ, ಇನ್ನೊಮ್ಮಿ ಹಾಡು," ಎಂದು ಕೂಗಿದಳು.

ಭಾನುವಾರ ಊಟ ಮಾಡಿಕೊಂಡು ಮೂವರೂ ದೇವದುರ್ಗಕ್ಕೆ ಮರಳಿದರು. ಮಾಸ್ತರರು ಹಾಡಿಗೆ ಹಾರ್ಮೋನಿಯಂ ಕೂಡಿಸಿದರು, ಒಂದಕ್ಷರವನ್ನೂ ತಿದ್ದಲಿಲ್ಲ. ಅಭ್ಯಾಸದಲ್ಲಿ ಮೊದಲ ಸಲ ಕೇಳಿದಾಗ ಹುಸೇನ್ ಢೋಲಕ್ ಬಾರಿಸುವುದನ್ನೇ ಮರೆತ. ಚರ್ಚಿನ ಸಭೆಯ ಹಿರಿಯ ಬೂದೆಪ್ಪನವರು ಮಾತ್ರ ಗಂಟಲು ಸರಿಮಾಡಿಕೊಂಡರು.

"ಹಾಡು ಚಲೋ ಅದವ್ವಾ. ಆದ್ರ ಮರಿಯಮ್ಮ ಗಂಡನ ಹೆಸರು ಹಿಡಿದು 'ಬಾರೋ' ಅಂತ ಕರಿಯೋದು ಸರಿ ಕಾಣಂಗಿಲ್ಲ. 'ಬರ್ರಿ' ಅಂತ ಹಾಕೋಣೇನು?"

"ಯಪ್ಪಾ, ಆಕಿಗೆ ಬ್ಯಾನಿ ಶುರು ಆಗ್ಯಾವ," ಎಂದಳು ರೂತಮ್ಮ. "ಬ್ಯಾನಿ ತಿನ್ನೋ ಹೊತ್ತಿನಾಗ ಯಾರು ರೀ ಗೀ ಅಂತಾರ?"

ಹೆಂಗಸರೆಲ್ಲ ಗೊಳ್ಳೆಂದರು. ಬೂದೆಪ್ಪನವರ ಹೆಂಡತಿ ಬಸವಂತಮ್ಮ ಏಳು ಹೆತ್ತವಳು. "ಹೌದು ಮತ್ತ, ನಾ ಏನೇನು ಬೈದೀನಿ ಅಂತ ಇವರನ್ನೇ ಕೇಳ್ರಿ," ಎಂದಳು. ಬೂದೆಪ್ಪನವರು ಪೇಟ ಸರಿಪಡಿಸಿಕೊಂಡು, "ಇರಲಿ, ಇರಲಿ, 'ಬಾರೋ' ಅಂತಾನೇ ಇರಲಿ," ಎಂದರು.

ಕ್ರಿಸ್ಮಸ್ ಬೆಳಿಗ್ಗೆ ಚರ್ಚಿನಲ್ಲಿ ಅದನ್ನು ಹಾಡಿದರು. ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಮುದುಕಿಯರು ತಾವಾಗಿಯೇ 'ನೀ ತಿರುಗಿ ಬಾರೋ' ಎಂದು ದನಿಗೂಡಿಸಿದರು. ಕೆಲವರು ಪಕ್ಕದಲ್ಲಿದ್ದ ಗಂಡಂದಿರತ್ತ ತಿರುಗಿ ನೋಡಿದರು. ಪಾದ್ರಿಗಳು ಅಂದು ಅರ್ಥ ಬಿಡಿಸಲು ಹೋಗಲಿಲ್ಲ. ಹಾಡು ಕಟ್ಟಿದವರು ಕಲ್ಲೂರಿನ ರೂತಮ್ಮ ಎಂದು ಹೆಸರು ಹೇಳಿದರು. ಮಾಸ್ತರರು ಹಾರ್ಮೋನಿಯಂ ಹಿಂದೆ ಕುಳಿತು ತಲೆ ತಗ್ಗಿಸಿ ನಗುತ್ತಿದ್ದರು.

ಮಧ್ಯಾಹ್ನ ಮಹಮ್ಮದ್ ಹುಸೇನನ ಮನೆಯವರು ಊಟಕ್ಕೆ ಬಂದರು. ಅವನ ಹೆಂಡತಿ ಶಹಜಾದಿ ಬೇಗಂ ಅಡುಗೆಮನೆಗೆ ಬಂದು ರೂತಮ್ಮನ ಪಕ್ಕ ಕುಳಿತಳು.

"ಇವರು ಹತ್ತು ದಿನದಿಂದ ಮೆಷಿನ್ ಮುಂದ ಕುಂತು ನಿನ್ನ ಹಾಡು ಹಾಡಾಕತ್ಯಾರ. ಅರ್ಧಂಬರ್ಧ. ಪೂರಾ ಹೆಂಗ ಅದ, ನನಗ ಹೇಳಿಕೊಡು."

ರೂತಮ್ಮ ಬಾಣಲೆಗೆ ಕರ್ಚಿಕಾಯಿ ಬಿಡುತ್ತ ಒಂದೊಂದೇ ಸಾಲು ಹೇಳಿಕೊಟ್ಟಳು. ಶಹಜಾದಿ ಬೇಗಂ ತನ್ನ ಮನೆಮಾತಿನ ಎಳೆತದಲ್ಲಿ ಅದನ್ನೇ ಹಾಡಿದಾಗ ಧಾಟಿ ಒಂಚೂರು ಬೇರೆಯಾಯಿತು, ಕೆಟ್ಟದ್ದೇನೂ ಆಗಲಿಲ್ಲ. ಅಂಗಳದ ಬೇವಿನ ನೆರಳಲ್ಲಿ ಗಂಡಸರಿಬ್ಬರೂ ಹೊಟ್ಟೆ ತುಂಬಿ ಅಡ್ಡಾಗಿದ್ದರು. ಮಾಸ್ತರರು ನಿದ್ದೆಗಣ್ಣಿನಲ್ಲಿ ಒಮ್ಮೆ ತಲೆ ಎತ್ತಿ, ಒಳಗಿನಿಂದ ಬರುತ್ತಿದ್ದ ಎರಡು ದನಿಗಳನ್ನು ಕೇಳಿ, ಮತ್ತೆ ಮಗ್ಗುಲಾದರು.